ಒಂಬತ್ತನೇ ತಾರೀಖಿನ ಕಟ್ಟು

2017ರ ಮಾರ್ಚ್ ಹತ್ತು, ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಒಮಾನಿನ ಬಾತಿನಾ ಕರಾವಳಿಯ ಉಮ್ ಅಲ್ ಗಾಫ್ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಖಲ್ಫಾನ್ ಬಿನ್ ಜುಮಾ ಅನ್ನ ಮೀನಿನ ಊಟ ಮುಗಿಸಿ ಕುರ್ಚಿಗೆ ಒರಗಿದ್ದರಷ್ಟೆ. ನಸೀಮ್ ಅಲ್ ಸಾಹಿಲ್ ಕ್ಲಿನಿಕ್ಕಿನ ಮ್ಯಾನೇಜರ್ ಸಜೀವನ್ ಏದುಸಿರು ಬಿಡುತ್ತ ಒಳಗೆ ಬಂದ. ಕೇರಳದ ಕಣ್ಣೂರಿನವನು, ಈ ಊರಿಗೆ ಬಂದು ಹದಿನಾರು ವರ್ಷವಾಗಿತ್ತು.

"ಕಳ್ಳತನ ಆಗಿದೆ ಸಾರ್."

"ಏನು ಹೋಗಿದೆ?"

"ಕಾಗದ. ಒಂದು ಕಟ್ಟು."

ಖಲ್ಫಾನ್ ಕೈಗೆತ್ತಿಕೊಂಡ ಪೆನ್ನನ್ನು ಕೆಳಗಿಟ್ಟರು. "ಸಜೀವನ್, ಇದು ಮನುಷ್ಯ ಮಲಗೋ ಹೊತ್ತು. ಕಾಗದ ಕಾಣ್ತಿಲ್ಲ ಅಂತ ಪೊಲೀಸರ ಹತ್ರ ಬರ್ತಾರೇನಯ್ಯ?"

"ಹಿಂದಿನ ಬಾಗಿಲ ಗಾಜು ಒಡೆದಿದ್ದಾರೆ ಸಾರ್. ರಕ್ತ ಬೇರೆ ಬಿದ್ದಿದೆ."

ದೂರು ದಾಖಲಾಯಿತು. ಶುಕ್ರವಾರದ ನಮಾಜಿಗೆಂದು ಕ್ಲಿನಿಕ್ಕನ್ನು ಹನ್ನೊಂದೂವರೆಗೆ ಮುಚ್ಚಿ ಎರಡಕ್ಕೆ ತೆರೆದಿದ್ದಾರೆ. ವಾರದಲ್ಲಿ ಅದು ಬಾಗಿಲು ಹಾಕುವುದೇ ಆ ಎರಡೂವರೆ ಗಂಟೆ.

ಖಲ್ಫಾನರು ಚಿಕ್ಕವರಿದ್ದಾಗ ಇಡೀ ಊರಿಗೆ ಇದ್ದದ್ದು ಒಂದೇ ಸರ್ಕಾರಿ ಆಸ್ಪತ್ರೆ. ಈಗ ಹೆದ್ದಾರಿಯ ಎರಡು ಬದಿಗೂ ಸೇರಿ ಹನ್ನೊಂದು ಖಾಸಗಿ ಕ್ಲಿನಿಕ್ಕುಗಳು. ಟಯರ್ ಪಂಕ್ಚರ್ ಹಾಕುತ್ತಿದ್ದ ಜಾಗದಲ್ಲಿ ಹಲ್ಲಿನ ಡಾಕ್ಟರು ಕೂತಿದ್ದಾರೆ, ಖರ್ಜೂರದ ಉಗ್ರಾಣ ಹೆರಿಗೆ ಆಸ್ಪತ್ರೆಯಾಗಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಯಬೇಕು, ಇಲ್ಲಿ ಹತ್ತು ನಿಮಿಷದಲ್ಲಿ ಸೂಜಿ ಚುಚ್ಚಿ ಕಳಿಸುತ್ತಾರೆ. ಊರಿನ ಜನಕ್ಕೆ ನೆಗಡಿಗೂ ಸೂಜಿ ಬೇಕು, ಕೊಡದ ಡಾಕ್ಟರು ದಡ್ಡ. ಖಲ್ಫಾನರಿಗೆ ಈ ಅಂಗಡಿಗಳನ್ನು ಕಂಡರಾಗದು. ಆದರೆ ಸೊಂಟ ಹಿಡಿದಾಗ ಅವರೂ ಅಲ್ಲಿಗೇ ಓಡುತ್ತಿದ್ದರು.

3:15ಕ್ಕೆ ಸ್ಥಳ ಮಹಜರು. ಜೊತೆಗೆ ಕಾನ್‌ಸ್ಟೇಬಲ್ ಜುವೈನಾ. ಠಾಣೆಯಲ್ಲಿ ಅವಳ ಕಣ್ಣಿಗೂ ಎಲ್ಲರೂ ಹೆದರುತ್ತಿದ್ದರು, ನಾಲಿಗೆಗೂ ಹೆದರುತ್ತಿದ್ದರು. ಗಲ್ಲಾಪೆಟ್ಟಿಗೆ, ಕಂಪ್ಯೂಟರ್, ಔಷಧಿಯ ಕಪಾಟು ಎಲ್ಲ ಇದ್ದ ಹಾಗೇ ಇವೆ. ಕೌಂಟರಿನ ಕೆಳಗಿನ ಖಾನೆಯನ್ನು ಮಾತ್ರ ಮೀಟಿ ತೆರೆದಿದ್ದಾರೆ. ಅದರಲ್ಲಿ ಫೆಬ್ರವರಿ ತಿಂಗಳ ರೋಗಿಗಳ ಚೀಟಿಗಳನ್ನು ದಿನಕ್ಕೊಂದರಂತೆ ರಬ್ಬರ್ ಹಾಕಿ ಜೋಡಿಸಿಟ್ಟಿದ್ದರು.

ಜುವೈನಾ ಕೂತು ಎಣಿಸಿದಳು. "ಇಪ್ಪತ್ತೇಳಿದೆ ಸಾರ್. ಒಂಬತ್ತನೇ ತಾರೀಖಿನದು ಇಲ್ಲ."

ಆ ತಾರೀಖು ಖಲ್ಫಾನರಿಗೆ ನೆನಪಿತ್ತು. ಫೆಬ್ರವರಿ ಒಂಬತ್ತರ ಸಂಜೆ ಇದೇ ಕ್ಲಿನಿಕ್ಕಿನಲ್ಲಿ ಪೆನಿಸಿಲಿನ್ ಸೂಜಿ ಒಗ್ಗದೆ ಘಾಲಿಯಾ ಎಂಬ ಇಪ್ಪತ್ತಾರರ ಹೆಣ್ಣುಮಗಳು ಸತ್ತಿದ್ದಳು. ಡಾಕ್ಟರ ನಿರ್ಲಕ್ಷ್ಯವೆಂದು ಅವಳ ಅಣ್ಣ ಮರ್ಹೂನ್ ಕೊಟ್ಟ ದೂರನ್ನು ಖಲ್ಫಾನರೇ ಬರೆದುಕೊಂಡಿದ್ದರು. ಡಾಕ್ಟರು ಸುಡಾನಿನ ಇಖ್ಲಾಸ್. ಆಕೆಯ ಪಾಸ್‌ಪೋರ್ಟು ಠಾಣೆಯ ಬೀರುವಿನಲ್ಲಿತ್ತು. ಆ ಸಾವಿನ ವಿಚಾರಣೆಗೆ ಭಾನುವಾರ ಆರೋಗ್ಯ ಇಲಾಖೆಯ ಸಮಿತಿ ಕೂರುವುದಿತ್ತು.

"ನೀವೇ ತೆಗೆದು ಬಚ್ಚಿಟ್ಟು ಕಳ್ಳತನ ಅಂತ ನಾಟಕ ಆಡ್ತಿದ್ದೀರಾ?"

ಸಜೀವನ್ ಗಲ್ಲ ಗಲ್ಲ ಬಡಿದುಕೊಂಡ. "ಅಯ್ಯೋ ಸಾರ್, ಆ ಚೀಟಿಯೇ ನಮ್ಮ ಜೀವ. ನಾವ್ಯಾಕೆ ಕದೀಲಿ? ಭಾನುವಾರ ಸಮಿತಿ ಮುಂದೆ ಅದನ್ನೇ ಇಡೋದಿತ್ತು."

"ಏನಿತ್ತು ಅದ್ರಲ್ಲಿ?"

ಕೌಂಟರಿನ ಹುಡುಗ ಬಿಜೀಶ್ ಮುಂದೆ ಬಂದ. ಮೂವತ್ತರ ಹತ್ತಿರದವನು. "ಸಾರ್, ನಮ್ಮಲ್ಲಿ ಎಲ್ಲಾ ಮೊಬೈಲ್ ನಂಬರ್ ಮೇಲೆ. ನಂಬರ್ ಒತ್ತಿದ್ರೆ ಮನೆಮಂದಿ ಹೆಸರೆಲ್ಲ ಬರುತ್ತೆ. ಅವತ್ತು ಮರ್ಹೂನ್ ಅವರು ತಂಗೀನ ಕರ್ಕೊಂಡು ಬಂದ್ರು. ಹೆಸರು ಕೇಳ್ದೆ. 'ಮನೆಯವರು' ಅಂದ್ರು. ಮತ್ತೆ ಕೇಳ್ದೆ. 'ನಂಬರ್ ಕೊಟ್ಟಿದ್ದೀನಲ್ಲ, ಹೆಸರು ಯಾಕೋ ನಿನಗೆ?' ಅಂತ ರೇಗಿದ್ರು. ಮೊದಲನೇ ಹೆಸರು ಅವರ ಹೆಂಡತೀದು, ಶಂಸಾ. ಅದನ್ನೇ ಒತ್ತಿದೆ."

"ಘಾಲಿಯಾ ಹೆಸರು?"

"ಕೆಳಗಡೆ ಇತ್ತು ಸಾರ್. ಪೆನಿಸಿಲಿನ್ ಕೊಡಬಾರದು ಅಂತ ಕೆಂಪಕ್ಷರದಲ್ಲಿ. ಎರಡು ವರ್ಷದ ಹಿಂದೆ ಅವರ ಅಮ್ಮನ ಜೊತೆ ಬಂದಾಗ ಬರ್ದಿದ್ದು."

"ಕಂಪ್ಯೂಟರಿನಲ್ಲಿ ಇದೆಯಲ್ಲ. ಚೀಟಿ ಯಾಕೆ?"

"ಕಂಪ್ಯೂಟರಿನಲ್ಲಿ ನಾವೇ ಆಮೇಲೆ ತಿದ್ದಿದ್ವಿ ಅಂತಾರೆ ಸಾರ್. ಚೀಟಿ ಮೇಲೆ ಶಂಸಾ ಅಂತ ಅಚ್ಚಾಗಿತ್ತು. ಅದರ ಕೆಳಗೆ ಅವರದೇ ರುಜು."

ಪರ ಗಂಡಸರ ಮುಂದೆ ಮನೆಯ ಹೆಣ್ಣಿನ ಹೆಸರೆತ್ತುವುದು ಈ ಕಡೆ ಮರ್ಯಾದೆಯಲ್ಲ. ಖಲ್ಫಾನರ ಮೊಬೈಲಿನಲ್ಲೂ ಹೆಂಡತಿಯ ನಂಬರಿನ ಮುಂದೆ 'ಮನೆ' ಎಂದಷ್ಟೇ ಇತ್ತು. ಒಂದು ತಿಂಗಳ ಹಿಂದೆ ಮರ್ಹೂನನ ದೂರು ಬರೆದುಕೊಳ್ಳುವಾಗ, ಕೌಂಟರಿನಲ್ಲಿ ಯಾವ ಹೆಸರು ಹೇಳಿದೆ ಎಂದು ಕೇಳಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ. ಅದು ಪೊಲೀಸ್ ಕೆಲಸದ ಮೊದಲ ಪ್ರಶ್ನೆ. ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಡಾಕ್ಟರ್ ಇಖ್ಲಾಸ್ ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲೇ ಇದ್ದರು. ನಾಲ್ಕು ವಾರದಿಂದ ಕೆಳಗಿಳಿದಿಲ್ಲವೆಂದು ಬಿಜೀಶ್ ಹೇಳಿದ. ಜುವೈನಾ ಬಾಗಿಲು ಬಡಿದು, ಚೀಟಿ ಕಳುವಾಗಿದೆ ಎಂದಳು. ಆಕೆ ಮಂಚದ ತುದಿಯಲ್ಲಿ ಕೂತಲ್ಲೇ ತಲೆಯಾಡಿಸಿದರು.

"ಆವತ್ತು ಏನಾಯ್ತು ಡಾಕ್ಟರಮ್ಮ?"

"ಗಂಟಲು ಕಟ್ಟಿತ್ತು, ಕೀವು ತುಂಬಿ. ಒಂದು ಮಾತು ಹೊರಡ್ತಿರ್ಲಿಲ್ಲ. ಫೈಲ್ ನೋಡ್ದೆ, ಎರಡು ತಿಂಗಳ ಹಿಂದೆ ಇದೇ ಸೂಜಿ ತೊಗೊಂಡಿದ್ದಾಳೆ ಅಂತ ಇತ್ತು. 'ಶಂಸಾ, ಹೋದ ಸಲ ಏನೂ ತೊಂದ್ರೆ ಆಗ್ಲಿಲ್ಲ ತಾನೆ?' ಅಂದೆ. ಇಲ್ಲ ಅಂತ ತಲೆ ಅಲ್ಲಾಡಿಸಿದ್ಲು."

"ಮತ್ತೆ?"

"ತೊಂದ್ರೆ ಆಗ್ಲಿಲ್ಲ ಅಂತ ನಾನು ತಿಳ್ಕೊಂಡೆ. ನಾನು ಶಂಸಾ ಅಲ್ಲ ಅಂತ ಹೇಳಿದ್ಲು ಅವಳು." ಹಾಸಿಗೆಯ ಸುಕ್ಕು ಸವರುತ್ತ ಹೇಳಿದರು: "ಚೀಟಿ ಸಿಕ್ಕಿದ್ರೆ ನಾನು ಜೈಲಿಗೆ ಹೋಗಲ್ಲ. ಇಲ್ಲದಿದ್ರೆ ಮೂರು ವರ್ಷ ಅಂತಾರೆ. ಎರಡರಲ್ಲಿ ಯಾವುದಾದ್ರೂ, ಇನ್ನು ಈ ಕೈಯಲ್ಲಿ ಸೂಜಿ ಹಿಡಿಯೋಕೆ ಆಗಲ್ಲಮ್ಮ."

ಸಂಜೆ 5:30ಕ್ಕೆ ಖಲ್ಫಾನ್ ಸಮಿತಿಯ ಗುಮಾಸ್ತನ ಮನೆಗೆ ಫೋನು ಮಾಡಿದರು. ರುಜು ಹಾಕಿದ ಚೀಟಿಯ ವಿಷಯ ಕ್ಲಿನಿಕ್ಕಿನ ಹೊರಗೆ ಯಾರಿಗೆ ಗೊತ್ತಿತ್ತು?

"ಯಾರಿಗೂ ಇಲ್ಲ ಸಾರ್. ನಿನ್ನೆ ಗುರುವಾರ ದೂರುದಾರರಿಗೆ ಫೋನು ಮಾಡಿ ಹೇಳಿದೆ ಅಷ್ಟೆ. ನಿಮ್ಮ ರುಜು ಇರೋ ಚೀಟಿ ತೋರಿಸ್ತಾರಂತೆ, ಗುರುತು ಹಿಡಿಯೋಕೆ ಬನ್ನಿ ಅಂತ."

"ಅವನೇನಂದ?"

"ಫೋನು ಇಟ್ಟುಬಿಟ್ರು."

ಸಂಶಯ ಒಂದು ಕಡೆಗೆ ವಾಲಿತು. ಆದರೆ ಸಂಶಯ ಸಾಕ್ಷಿಯಾಗುವುದಿಲ್ಲ. ಗಾಜಿನಿಂದ ಕೈ ಕೊಯ್ದುಕೊಂಡವನು ಹೊಲಿಗೆ ಹಾಕಿಸಲೇಬೇಕು. ಮಾರ್ಚ್ ಹನ್ನೊಂದು, ಶನಿವಾರ ಬೆಳಗ್ಗೆ ಎಂಟರಿಂದ ಜುವೈನಾ ಸರ್ಕಾರಿ ಆಸ್ಪತ್ರೆಯಿಂದ ಶುರುಮಾಡಿ ಒಂದೊಂದೇ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದಳು. ಹಿಂದಿನ ದಿನ ಕೈ ಗಾಯಕ್ಕೆ ಬಂದ ಗಂಡಸು ಯಾರಾದರೂ ಇದ್ದಾರೆಯೇ? ಎಲ್ಲೂ ಇರಲಿಲ್ಲ. 11:10ಕ್ಕೆ, ವೃತ್ತದ ಬಳಿಯ ಎಂಟನೇ ಕ್ಲಿನಿಕ್ಕಿನಿಂದ ಠಾಣೆಗೆ ಫೋನು ಬಂತು.

"ಸಾರ್, ನಿನ್ನೆ ಎರಡು ಇಪ್ಪತ್ತಕ್ಕೆ ಬಲ ಅಂಗೈಗೆ ನಾಲ್ಕು ಹೊಲಿಗೆ ಹಾಕಿದ್ದಾರೆ."

"ಯಾರಿಗೆ?"

ಜುವೈನಾ ನಗತೊಡಗಿದಳು. "ಇಪ್ಪತ್ತೊಂಬತ್ತು ವರ್ಷದ ಹೆಂಗಸಿಗೆ ಸಾರ್. ಶಂಸಾ ಅಂತ. ಹೊಲಿಗೆ ಹಾಕಿದವನನ್ನ ಕೇಳಿದ್ರೆ, ಪೊದೆಪೊದೆ ಗಡ್ಡ ಇತ್ತು ಅಂತಾನೆ. ಇಲ್ಲೂ ನಂಬರ್ ಒತ್ತಿದ್ದಾರೆ, ಮೊದಲನೇ ಹೆಸರು ಬಂದಿದೆ. ಗಡ್ಡದವನಿಗೆ ಶಂಸಾ ಅಂತ ಚೀಟಿ ಕೊಟ್ಟು..." ನಗು ಅಲ್ಲಿಗೇ ನಿಂತಿತು. ಅತ್ತ ಕಡೆ ಅವಳು ಉಸಿರೆಳೆದುಕೊಂಡದ್ದು ಖಲ್ಫಾನರಿಗೆ ಕೇಳಿಸಿತು.

"ನಂಬರ್ ಮರ್ಹೂನಂದೇ ಸಾರ್," ಎಂದಳು ಮೆಲ್ಲಗೆ.

ಮರ್ಹೂನ್ ಬಿನ್ ರಬೀಅ ಶಾಲೆಯ ಬಸ್ಸು ಓಡಿಸುತ್ತಿದ್ದ. ಮೂವತ್ತನಾಲ್ಕು ವರ್ಷ, ಯಾವ ಕೇಸೂ ಇಲ್ಲದ ಮನುಷ್ಯ. ಮಧ್ಯಾಹ್ನ ಮೂರೂವರೆಗೆ ಪೊಲೀಸರು ಹೋದಾಗ ಮನೆಯ ಮುಂದೆ ನಿಂತಿದ್ದ ಬಸ್ಸಿನಲ್ಲಿ ಒಬ್ಬನೇ ಕೂತಿದ್ದ. ಬಲಗೈಗೆ ಬ್ಯಾಂಡೇಜು. ಖಲ್ಫಾನ್ ಒಳಗೆ ಹತ್ತಿ ಅವನ ಹಿಂದಿನ ಸೀಟಿನಲ್ಲಿ ಕುಳಿತರು.

"ಚೀಟಿ ಎಲ್ಲಿ?"

ಮರ್ಹೂನ್ ವಾದ ಮಾಡಲಿಲ್ಲ. ತನ್ನ ಸೀಟಿನ ಕೆಳಗೆ ಕೈ ಹಾಕಿ ರಬ್ಬರ್ ಹಾಕಿದ ಕಟ್ಟನ್ನು ತೆಗೆದು ಕೊಟ್ಟ. ಪಂಚರ ಸಮಕ್ಷಮ ಎಣಿಸಿದಾಗ ಎಪ್ಪತ್ತಮೂರು ಚೀಟಿಗಳಿದ್ದವು. ನಲವತ್ತೊಂದನೆಯದು ಶಂಸಾ ಎಂಬ ಹೆಸರಿನದು, ಕೆಳಗೆ ಅವನ ರುಜು. ವಶಪಡಿಸಿಕೊಂಡ ಸಮಯ 3:55.

"ಸುಡಬಹುದಿತ್ತಲ್ಲ?"

"ಎರಡು ಸಲ ಬೆಂಕಿಕಡ್ಡಿ ಗೀರಿದೆ. ಆಗ್ಲಿಲ್ಲ."

"ಅವತ್ತು ಕೌಂಟರಿನಲ್ಲಿ ಹೆಸರು ಕೇಳಿದ್ರಾ?"

"ಎರಡು ಸಲ."

"ಹೇಳೋಕೇನಾಗಿತ್ತು?"

"ಹತ್ತು ಹನ್ನೆರಡು ಜನ ಗಂಡಸರು ಕೂತಿದ್ರು ಸಾರ್. ನನ್ನ ಬಸ್ಸಿನ ಮಕ್ಕಳ ಅಪ್ಪಂದಿರು. ಅವರೆದುರಿಗೆ ತಂಗಿ ಹೆಸರು ಕೂಗಿ ಹೇಳ್ಲಾ? ನೀವಾಗಿದ್ರೆ ಹೇಳ್ತಿದ್ರಾ?"

ಖಲ್ಫಾನ್ ಆ ಪ್ರಶ್ನೆಯನ್ನು ಹೇಳಿಕೆಯಲ್ಲಿ ಬರೆದುಕೊಳ್ಳಲಿಲ್ಲ.

"ಡಾಕ್ಟರು ಸೂಜಿ ತಂದಾಗ ನೀನೆಲ್ಲಿದ್ದೆ?"

"ಪಕ್ಕದಲ್ಲೇ. ಪರೀಕ್ಷೆ ಮಾಡುವಾಗ ಹೊರಗಿದ್ದೆ, ಸೂಜಿ ಹೊತ್ತಿಗೆ ಒಳಗೆ ಕರೆದ್ರು. ಅವಳು ತೋಳು ಎಳ್ಕೊಂಡ್ಲು. ಚಿಕ್ಕಂದಿನಿಂದ ಸೂಜಿ ಅಂದ್ರೆ ಹೆದರ್ತಿದ್ಲು. 'ಸುಮ್ನಿರೇ, ಮಗು ಥರ ಆಡ್ಬೇಡ' ಅಂತ ಬೈದೆ. ಬೈದು..." ಮರ್ಹೂನ್ ಬ್ಯಾಂಡೇಜು ಸುತ್ತಿದ ಕೈ ನೋಡಿಕೊಂಡ. "ಅವಳ ತೋಳು ಅಲ್ಲಾಡದ ಹಾಗೆ ನಾನೇ ಹಿಡ್ಕೊಂಡೆ ಸಾರ್."

ಪಂಚರಾಗಿ ಬಂದಿದ್ದ ನೆರೆಮನೆಯವರಿಬ್ಬರು ಮುಖ ತಿರುಗಿಸಿಕೊಂಡರು.

"ಚೀಟಿ ಇಲ್ಲದಿದ್ರೆ ಆ ಹೆಂಗಸು ಜೈಲಿಗೆ ಹೋಗ್ತಾಳೆ. ಗೊತ್ತಿತ್ತಾ?"

"ಗೊತ್ತಿತ್ತು."

"ಆದ್ರೂ?"

"ಅಮ್ಮ ದಿನಾ ಐದು ಹೊತ್ತು ಆ ಡಾಕ್ಟರಿಗೆ ಶಾಪ ಹಾಕ್ತಾಳೆ. ಆ ಶಾಪದಲ್ಲೇ ಎದ್ದು ಕೂತಿದ್ದಾಳೆ, ಒಂದು ತುತ್ತು ತಿಂತಿದ್ದಾಳೆ. ನಾನೇ ಅಂತ ಗೊತ್ತಾದ್ರೆ ಯಾರಿಗೆ ಶಾಪ ಹಾಕ್ಲಿ ಸಾರ್ ಅವಳು? ಉಳಿದಿರೋನು ನಾನೊಬ್ಬ." ಹಿಂದಕ್ಕೆ ತಿರುಗಿ ಖಲ್ಫಾನರ ಮೊಣಕಾಲು ಹಿಡಿದುಕೊಂಡ. "ಗಲ್ಲಾಪೆಟ್ಟಿಗೆಗೆ ಅಂತ ನುಗ್ಗಿದ್ದ ಅಂತ ಬರ್ಕೊಳ್ಳಿ. ಕಳ್ಳ ಅಂತ ಬರೀರಿ. ಊರೆಲ್ಲ ಉಗೀಲಿ. ಅಮ್ಮನಿಗೆ ಇದೊಂದು ಹೇಳ್ಬೇಡಿ."

ಖಲ್ಫಾನರಿಗೆ ಹಾಗೇ ಬರೆದುಬಿಡಬೇಕೆನ್ನಿಸಿತು. ಎಷ್ಟು ಸುಲಭದ ಕೆಲಸ! ಆದರೆ ಹಾಗೆ ಬರೆದರೆ ಮೇಲಿನ ಕೋಣೆಯ ಮಂಚದ ತುದಿಯಲ್ಲಿ ಕೂತಿರುವಾಕೆ ಮೂರು ವರ್ಷ ಒಳಗೆ ಕೂರಬೇಕು. ಕದ್ದ ಕಾರಣ ಬರೆಯದೆ ಆ ಚೀಟಿಯನ್ನು ಸಮಿತಿಯ ಮುಂದೆ ಇಡುವಂತಿಲ್ಲ. ಅವರು ಮೊಣಕಾಲಿನ ಮೇಲಿದ್ದ ಕೈಯನ್ನು ನಿಧಾನವಾಗಿ ಬಿಡಿಸಿದರು.

"ಆಗಲ್ಲಪ್ಪ."

ಅಂಗಳದ ಬಾಗಿಲು ತೆರೆಯಿತು. ಮರ್ಹೂನನ ಅಮ್ಮ ಹೊರಗೆ ಬಂದರು. ಹೆಂಡತಿ ಶಂಸಾ ಅವರ ತೋಳು ಹಿಡಿದಿದ್ದಳು. ಪೊಲೀಸರನ್ನು ಕಂಡು ಮುದುಕಿಯ ಮುಖ ಅರಳಿತು.

"ಬಂದ್ಯಾ ಖಲ್ಫಾನ್? ಆ ಡಾಕ್ಟರನ್ನ ಒಳಗೆ ಹಾಕಿದ್ರಾ ಮಗನೇ? ಒಳಗೆ ಬಾ, ಕಾಫಿ ಕುಡಿ."

ಜುವೈನಾ ಮರ್ಹೂನನ ಎಡ ತೋಳು ಹಿಡಿದು ಬಸ್ಸಿನಿಂದ ಇಳಿಸುವುದನ್ನು ಮುದುಕಿ ನೋಡಿದರು.

"ಇದೇನು? ಅವನನ್ನ ಯಾಕೆ ಹಿಡಿದಿದ್ದೀರಿ?"

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಖಲ್ಫಾನ್ ಸಾವಿನ ಸುದ್ದಿಯನ್ನು ಎಷ್ಟೋ ಮನೆಗಳ ಬಾಗಿಲಿಗೆ ಒಯ್ದಿದ್ದರು. ಒಂದೇ ಸಾವನ್ನು ಅದೇ ಮನೆಗೆ ಎರಡನೇ ಸಲ ಒಯ್ದದ್ದು ಇದೇ ಮೊದಲು. ಆದಷ್ಟು ಚಿಕ್ಕದಾಗಿ ಹೇಳಿದರು: ಕೌಂಟರಿನಲ್ಲಿ ಹೆಸರು ಕೇಳಿದ್ದು, ಇವನು ಹೇಳದೇ ಇದ್ದದ್ದು, ಸೊಸೆಯ ಹೆಸರಿನಲ್ಲಿ ಸೂಜಿ ಆದದ್ದು, ಅದು ತಿಳಿಯದಿರಲೆಂದು ಚೀಟಿ ಕದ್ದದ್ದು. ತೋಳು ಹಿಡಿದುಕೊಂಡ ವಿಷಯ ಹೇಳಲಿಲ್ಲ.

ಮುದುಕಿ ಕೂಗಲಿಲ್ಲ. ಮಗನ ಹತ್ತಿರ ಹೋಗಿ, ಎತ್ತರದ ಅವನ ಮುಖವನ್ನು ಎರಡೂ ಕೈಯಲ್ಲಿ ತನ್ನ ಕಡೆಗೆ ಬಗ್ಗಿಸಿಕೊಂಡರು.

"ಅವಳಿಗೆ ಗಂಟಲು ಕಟ್ಟಿತ್ತು ಮಗನೇ," ಎಂದರು. "ನಿನಗೇನಾಗಿತ್ತು?"

ಮುದುಕಿ ಕೈ ಬಿಟ್ಟು, ಸೊಸೆಯನ್ನು ಅಲ್ಲೇ ಬಿಟ್ಟು, ಒಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಂಧನದ ಸಮಯ 4:40 ಎಂದು ದಾಖಲಾಯಿತು.

ಸಮಿತಿ ಚೀಟಿ ನೋಡಿದ ಮೇಲೆ ಡಾಕ್ಟರ್ ಇಖ್ಲಾಸರಿಗೆ ಪಾಸ್‌ಪೋರ್ಟು ಭಾನುವಾರ ಸಂಜೆ ವಾಪಸು ಸಿಕ್ಕಿತು. ಆಕೆ ಅದನ್ನು ತೆಗೆದುಕೊಂಡು, ಯಾರಿಗೂ ಏನೂ ಹೇಳದೆ ಊರು ಬಿಟ್ಟರು. ಆ ವಾರ ಖಲ್ಫಾನ್ ಅಂತಿಮ ವರದಿ ಬರೆಯಲು ಕೂತಾಗ 'ಕೃತ್ಯದ ಉದ್ದೇಶ' ಎಂಬ ಕಲಂನ ಮುಂದೆ ಬಹಳ ಹೊತ್ತು ಪೆನ್ನು ಹಿಡಿದಿದ್ದರು. ಮೇಲಧಿಕಾರಿಗಳು ಅಲ್ಲಿ ಸಾಕ್ಷ್ಯನಾಶ ಎಂಬ ಪದವನ್ನು ನಿರೀಕ್ಷಿಸುತ್ತಾರೆ. ಅವರು ಬರೆದದ್ದು ಬೇರೆ: ತಾಯಿಗೆ ತಿಳಿಯಬಾರದೆಂದು.