ಮೆಣಸಿನಕಾಯಿಗೆ ಚಪ್ಪಾಳೆ

“ಶೀತಲಾ! ಇದೇನ್ ಕಳಿಸೀಯವಾ ಗ್ರೂಪಿಗೆ?”

ಪಪ್ಪ ಅಂಗಡಿಯ ಒಳಗಿನಿಂದಲೇ ಕೂಗಿದ. ಶೀತಲ ಮೆಣಸಿನಕಾಯಿ ಚೀಲದ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಕಾಲು ನಿಂತವು.

“ಮಾಲಿನ ಫೋಟೊ, ಪಪ್ಪಾ. ನೀನ ಕಳಸು ಅಂದಿದ್ದಿ.”

“ಮಾಲ್ ಎಲ್ಲೈತಿ ಇದರಾಗ? ಬಂದು ನೋಡು ಇಲ್ಲಿ!”

ಅವಳು ಹೋಗಿ ನೋಡಿದಳು. ಅದು ಹೈದರಾಬಾದಿನ ಬೇಗಂ ಬಜಾರಿನ ಮೆಣಸಿನಕಾಯಿ ವ್ಯಾಪಾರಿಗಳ ವಾಟ್ಸಾಪ್ ಗ್ರೂಪು. ಹೊಸ ಮಾಲು ಬಂದಾಗ ಎಲ್ಲರೂ ಅಲ್ಲಿ ಫೋಟೊ ಹಾಕಿ ರೇಟು ಹೇಳುತ್ತಾರೆ. ಈಗ ಅಲ್ಲಿ ಕೆಂಪು ಮೆಣಸಿನಕಾಯಿ ಇರಲಿಲ್ಲ. ಶೀತಲಳ ಕೈಬರಹದ ಪುಟ ಇತ್ತು.

ಪಪ್ಪ ಒಂದು ವಾಯ್ಸ್ ಮೆಸೇಜ್ ಒತ್ತಿದ. ಮೆಣಸಿನಕಾಯಿ ಬದಲು ಮಗಳ ಹೋಮ್‌ವರ್ಕ್ ಕಳಿಸಿದೆಯಲ್ಲ ಎಂದು ಒಬ್ಬರು ಹಿಂದಿಯಲ್ಲಿ ನಗುತ್ತ ಪಪ್ಪನನ್ನು ಛೇಡಿಸುತ್ತಿದ್ದರು. “ಅರೆ ಶರಣ್ ಭಾಯ್, ಯೇ ಕ್ಯಾ ಭೇಜೇ? ಮಿರ್ಚಿ ಬೋಲೇ ತೋ ಬಚ್ಚೀ ಕಾ ಹೋಮ್‌ವರ್ಕ್ ಭೇಜ್ ದಿಯೇ!”

ಅದರ ಕೆಳಗೆ ಇನ್ನೊಬ್ಬರು ಅರ್ಥವಾಗದೆ, ಇದು ತೆಲುಗೇ ಎಂದು ತೆಲುಗಿನಲ್ಲೇ ಕೇಳಿದ್ದರು: ‘ಇದಿ ತೆಲುಗಾ? ಅರ್ಥಂ ಕಾಲೇದು.’

“ಇಡೀ ಬಜಾರ ನಗಾಕತ್ತೈತಿ ನನಗ. ತಗಿ ಅದನ್ನ ಮೊದಲ,” ಎಂದು ಪಪ್ಪ ಫೋನು ಅವಳ ಕೈಗೆ ತುರುಕಿ, ಗಿರಾಕಿಯ ಕಡೆ ತಿರುಗಿದ.

ಶೀತಲ ಪುಟ ಡಿಲೀಟ್ ಮಾಡಿದಳು. ಪುಟ ಇಲ್ಲಿಗೆ ಬಂದಿದ್ದರೆ, ಮೆಣಸಿನಕಾಯಿ ಎಲ್ಲಿಗೆ ಹೋಯಿತು?

ಎಲ್ಲಿಗೆ ಹೋಗಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಪಪ್ಪನ ಫೋನಿನಲ್ಲಿ ಶೀತಲಳದೂ ಒಂದು ಗ್ರೂಪು ಇದೆ. ಹೆಸರು ‘ದಿನಕ್ಕೊಂದು ಪುಟ’. ಕನ್ನಡದಲ್ಲಿ ಕತೆ ಬರೆಯುವ ಮಕ್ಕಳ ಗ್ರೂಪು. ಒಬ್ಬಳು ಬೀದರಿನಲ್ಲಿ, ಇನ್ನೊಬ್ಬ ಸೊಲ್ಲಾಪುರದಲ್ಲಿ, ಮತ್ತೊಬ್ಬಳು ಆದೋನಿಯಲ್ಲಿ. ನಡೆಸುವವರು ರಾಯಚೂರಿನ ಅಮೃತಪ್ಪ ಸರ್. ಸರ್ ಮಾಡಿದ ನಿಯಮ ಸರಳವಾಗಿತ್ತು. ದಿನಾ ಒಂದು ಪುಟ ಬರೆದು ಫೋಟೊ ಹಾಕಬೇಕು. ಬೇರೆಯವರ ಪುಟಕ್ಕೆ ಚಪ್ಪಾಳೆಯ ಎಮೋಜಿ ಒತ್ತಬೇಕು. ಯಾರೂ ಬೇಜಾರಾಗಿ ಬರೆಯುವುದನ್ನು ಬಿಡಬಾರದು.

ಶೀತಲಳ ಕತೆ ಓದಲು ಆ ಗ್ರೂಪು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಆದರೆ ಓದುವುದಿಲ್ಲ. ಪಪ್ಪ ಹೈದರಾಬಾದಿನಲ್ಲೇ ಹುಟ್ಟಿ ಹಿಂದಿಯಲ್ಲಿ ಓದಿದವನು. ಮಮ್ಮಿ ಜಹೀರಾಬಾದಿನವಳು, ತೆಲುಗು ಮೀಡಿಯಂ. ಅಕ್ಷರ ಕಲಿಸಿದವಳು ಅಜ್ಜಿ ಬಸಲಿಂಗಮ್ಮ. ಹೋದ ವರ್ಷ ಅವಳು ತೀರಿಕೊಂಡಳು. ಆಮೇಲೆ ಮನೆಯಲ್ಲಿ ಕನ್ನಡ ಅಕ್ಷರಗಳನ್ನು ನೋಡುವ ಕಣ್ಣು ಶೀತಲಳದು ಮಾತ್ರ.

ಅವಳ ಕತೆಯಲ್ಲಿ ಒಬ್ಬ ಹುಡುಗಿ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಳು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಅವಳನ್ನು ಹೊರಗೆ ತರುವುದು ಹೇಗೆಂದು ತಿಳಿಯದೆ ಶೀತಲ ಒದ್ದಾಡಿದ್ದಳು. ಇವತ್ತು ಮಧ್ಯಾಹ್ನ ಕೊನೆಗೂ ಹೊಳೆದಿತ್ತು. ಲಿಫ್ಟಿನ ಬಾಗಿಲು ತೆರೆಯುತ್ತದೆ, ಆದರೆ ಹೊರಗೆ ಬಿಲ್ಡಿಂಗೇ ಇಲ್ಲ, ಬರೀ ಬಯಲು. ಬರೆಯುವಾಗ ಶೀತಲಳ ಕೈ ಬೆವತಿತ್ತು. ಇಷ್ಟು ಒಳ್ಳೆಯ ಪುಟವನ್ನು ಅವಳು ಯಾವತ್ತೂ ಬರೆದಿರಲಿಲ್ಲ. ಯಾರಾದರೂ ಓದಿ, ‘ಅಯ್ಯೋ, ಆಮೇಲೆ?’ ಎಂದು ಕೇಳಬೇಕು. ಅಷ್ಟೇ ಅವಳ ಆಸೆ.

ಅವಳು ಗ್ರೂಪು ತೆರೆದಳು. ಹೌದು, ಮೆಣಸಿನಕಾಯಿ ಅಲ್ಲೇ ಇತ್ತು. ಬಾಯಿ ಬಿಚ್ಚಿದ ಚೀಲ, ತುಂಬ ಕೆಂಪು.

ಕೆಳಗೆ ಚಪ್ಪಾಳೆಗಳ ಸಾಲು.

‘ವಾವ್ ಶೀತಲ!’

‘ಸೂಪರ್ ಸ್ಟೋರಿ!’

ಎಲ್ಲಕ್ಕಿಂತ ಕೆಳಗೆ ಅಮೃತಪ್ಪ ಸರ್ ಬರೆದಿದ್ದರು: ‘ನಿನ್ನ ಭಾಷೆ ದಿನೇ ದಿನೇ ಪಳಗುತ್ತಿದೆ. ಹೀಗೇ ಮುಂದುವರಿಸು.’

ಶೀತಲಳಿಗೆ ಮೊದಲು ನಗು ಬಂತು. ಮೆಣಸಿನಕಾಯಿಯ ಭಾಷೆ! ನಗು ಅರ್ಧಕ್ಕೇ ನಿಂತಿತು.

ಯಾರೂ ಫೋಟೊ ತೆರೆದಿರಲಿಲ್ಲ. ಡೇಟಾ ಉಳಿಯಲಿ ಎಂದು ಸರ್ ಎಲ್ಲರಿಗೂ ಒಂದು ಸೆಟ್ಟಿಂಗ್ ಹೇಳಿಕೊಟ್ಟಿದ್ದರು. ಹಾಗೆ ಮಾಡಿದರೆ ಬಂದ ಫೋಟೊ ಮಸುಕಾದ ಚೌಕವಾಗಿ ಕಾಣುತ್ತದೆ. ಮುಟ್ಟಿದರೆ ಮಾತ್ರ ತೆರೆದುಕೊಳ್ಳುತ್ತದೆ. ಎಲ್ಲರೂ ಮಸುಕು ಚೌಕಕ್ಕೇ ಚಪ್ಪಾಳೆ ಒತ್ತಿದ್ದರು.

ಇವತ್ತೊಂದು ದಿನ ಹೀಗಾಗಿರಬಹುದು, ಎಂದುಕೊಂಡಳು. ಟೈಪ್ ಮಾಡಿದಳು: ‘ಇವತ್ತಿನ ಪುಟ ಹೆಂಗಿತ್ತು?’

‘ಮಸ್ತ್!’ ಎಂದಿತು ಸೊಲ್ಲಾಪುರ.

‘ಎಂಡಿಂಗ್ ಅಂತೂ ಸೂಪರ್,’ ಎಂದಿತು ಬೀದರ್.

ಶೀತಲಳ ಕಣ್ಣು ತುಂಬಿತು. ಮೆಣಸಿನಕಾಯಿ ಘಾಟಿನಲ್ಲಿ ಯಾರ ಕಣ್ಣಲ್ಲಿ ನೀರು ಬಂದರೂ ಯಾರೂ ಏನೂ ಕೇಳುವುದಿಲ್ಲ. ಆದರೆ ಅವಳ ಮೂಗಿನ ಸದ್ದು ಪಪ್ಪನಿಗೆ ಕೇಳಿಸಿತು.

“ಏ, ಅಳಾಕತ್ತಿ ಏನು? ಬೈದೆ ಅಂತನಾ? ಹೋಗ್ಲಿ ಬಿಡು, ಅವರಿಗೆ ನಗಾಕ ದಿನಾ ಒಂದು ಬೇಕು.”

“ಅದಕ್ಕಲ್ಲ.”

“ಮತ್ತ?”

“ನನ್ನ ಕತಿ ಯಾರೂ ಓದಂಗಿಲ್ಲ ಪಪ್ಪಾ. ಸುಮ್ನ ಚಪ್ಪಾಳಿ ಒತ್ತತಾರ. ಮೆಣಸಿನಕಾಯಿಗೂ ಒತ್ಯಾರ.”

ಪಪ್ಪ ಫೋನು ನೋಡಿದ. ಚಪ್ಪಾಳೆಗಳನ್ನು ನೋಡಿ ಅವನ ಮುಖ ಅರಳಿತು. “ಭಾಳ ಮಂದಿ ಒತ್ಯಾರಲ್ಲ! ತಾ ಇಲ್ಲಿ, ನಂದೂ ಒಂದು ಇರ್ಲಿ.”

“ಬ್ಯಾಡ!”

ಅವಳು ಫೋನು ಕಿತ್ತುಕೊಂಡಳು. ಪಪ್ಪ ಅವಳನ್ನೇ ನೋಡಿದ. ಏನು ತಪ್ಪು ಮಾಡಿದೆ ಎಂದು ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಹೊರಗೆ ಆಟೋ ಟ್ರಾಲಿ ಹಾರ್ನ್ ಹೊಡೆಯಿತು. ಅವನು ಚೀಲ ಇಳಿಸಲು ಹೋದ.

ಇನ್ನು ಬರೆಯುವುದಿಲ್ಲ, ಎಂದುಕೊಂಡಳು ಶೀತಲ. ಲಿಫ್ಟಿನ ಹುಡುಗಿ ಬಯಲಿನಲ್ಲೇ ನಿಂತಿರಲಿ. ನಾನೇನು ಮಾಡಲಿ?

ಆದರೆ ಸಿಟ್ಟು ಇಳಿಯಲಿಲ್ಲ. ಯಾರ್ಯಾರು ಸುಳ್ಳು ಚಪ್ಪಾಳೆ ಒತ್ತಿದ್ದಾರೆ, ಎಂದಿನಿಂದ ಒತ್ತುತ್ತಿದ್ದಾರೆ, ನೋಡೇಬಿಡುತ್ತೇನೆ ಎಂದು ಅವಳು ಗ್ರೂಪನ್ನು ಮೇಲಕ್ಕೆ ಸರಿಸಿದಳು.

ಮಸುಕು ಚೌಕ. ಬೀದರಿನವಳ ಪುಟ. ಅದರ ಕೆಳಗೆ ಒಂದು ಚಪ್ಪಾಳೆ. ಒತ್ತಿದವಳು ಶೀತಲ.

ಇನ್ನೊಂದು ಮಸುಕು ಚೌಕ. ‘ಸೂಪರ್!’ ಬರೆದವಳು ಶೀತಲ.

ಅವಳ ಬೆರಳು ನಿಧಾನವಾಯಿತು. ತೆರೆದ ಪುಟಗಳೆಂದರೆ ಅವಳವೇ. ಬೇರೆಯವರ ಪುಟಗಳೆಲ್ಲ ಮಂಜು ಹಿಡಿದ ಕಿಟಕಿಗಳ ಹಾಗೆ ಸಾಲಾಗಿ ನಿಂತಿದ್ದವು. ಅವಳು ದಿನಾ ತನ್ನ ಪುಟ ಹಾಕುತ್ತಿದ್ದಳು, ಪಪ್ಪ ಫೋನು ಕೇಳುವುದರೊಳಗೆ ಪಟಪಟ ಚಪ್ಪಾಳೆ ಒತ್ತುತ್ತಿದ್ದಳು, ಮತ್ತೆ ತನ್ನ ಪುಟಕ್ಕೆ ಎಷ್ಟು ಬಂತೆಂದು ನೋಡುತ್ತಿದ್ದಳು.

ಇನ್ನೂ ಮೇಲೆ ಹುಲಗೇಶ ಎಂಬ ಹುಡುಗನ ಹೆಸರು ಸಿಕ್ಕಿತು. ಗಂಗಾವತಿ ಕಡೆಯವನು. ಈಗ ಗ್ರೂಪಿನಲ್ಲಿಲ್ಲ. ಯಾಕೆ ಹೋದ ಎಂದು ಅವಳು ಕೇಳಿರಲಿಲ್ಲ. ಅವನು ಹೋದದ್ದೇ ಅವಳಿಗೆ ಗೊತ್ತಿರಲಿಲ್ಲ.

ಅವನ ಕೊನೆಯ ಪುಟವೂ ಮಸುಕಾಗಿತ್ತು. ಅದರ ಕೆಳಗೆ ಅವನೊಂದು ಸಾಲು ಟೈಪ್ ಮಾಡಿದ್ದ:

‘ನನ್ನ ಕತಿಯಾಗ ಕರುವಿನ ಹೆಸರು ಏನೈತಿ? ಯಾರಾದ್ರೂ ಒಬ್ಬರು ಹೇಳ್ರಿ.’

ಆ ಪ್ರಶ್ನೆಯ ಕೆಳಗೂ ಚಪ್ಪಾಳೆ ಇದ್ದವು. ಎಲ್ಲಕ್ಕಿಂತ ಮೊದಲನೆಯದು ಶೀತಲಳದು. ಆ ಚಪ್ಪಾಳೆಗಳ ಕೆಳಗೆ ಸಣ್ಣ ಅಕ್ಷರದಲ್ಲಿ, ಹುಲಗೇಶ ಗ್ರೂಪು ಬಿಟ್ಟ ಎಂದಿತ್ತು.

ಶೀತಲ ಅವನ ಪ್ರಶ್ನೆಯನ್ನು ಮತ್ತೆ ಓದಿದಳು. ನಂತರ ಮಸುಕು ಚೌಕವನ್ನು ಮುಟ್ಟಿದಳು. ಬಿಳಿ ಉಂಗುರ ತಿರುಗಿತು, ತಿರುಗಿತು. ಪುಟ ಬರಲಿಲ್ಲ. ಈ ಫೋಟೊ ಈಗ ಸಿಗುವುದಿಲ್ಲ, ಕಳಿಸಿದವರನ್ನೇ ಮತ್ತೆ ಕೇಳಿ, ಎಂದು ಫೋನು ಹೇಳಿತು.

ಅವಳು ಮತ್ತೆ ಮುಟ್ಟಿದಳು. ಅದೇ ಮಾತು.

ಅವನ ನಂಬರು ಅಲ್ಲೇ ಇತ್ತು. ಏನು ಬರೆಯಬೇಕೆಂದು ತೋಚದೆ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಇಷ್ಟು ಉಳಿಯಿತು: ‘ನಾನು ಹೈದರಾಬಾದಿನ ಶೀತಲ. ನಿನ್ನ ಪುಟಕ್ಕ ಚಪ್ಪಾಳಿ ಒತ್ತಿದ್ದೆ. ಆದ್ರ ಓದಿರಲಿಲ್ಲ. ಮತ್ತ ಕಳಸ್ತೀ ಏನು?’

ಹೊರಗೆ ಟ್ರಾಲಿ ಖಾಲಿಯಾಗುತ್ತಿತ್ತು. ಚೀಲ ಬಿದ್ದಾಗಲೆಲ್ಲ ಕೆಂಪು ಧೂಳು ಏಳುತ್ತಿತ್ತು. ಪಪ್ಪ ಕೆಮ್ಮುತ್ತಿದ್ದ. ಶೀತಲ ಫೋನಿನಿಂದ ಕಣ್ಣು ತೆಗೆಯಲಿಲ್ಲ.

ಕೊನೆಯ ಚೀಲ ಒಳಗೆ ಬರುವಾಗ ಉತ್ತರ ಬಂತು.

‘ಇಲ್ಲ. ಎಲ್ಲಾ ಹರದು ಒಲಿಗೆ ಹಾಕೀನಿ.’

ಅಷ್ಟೇ. ಅವಳು ಆ ಸಾಲನ್ನು ಪೂರ್ತಿ ಓದಿದಳು. ಒಲೆಯೊಳಗೆ ಮುದುಡುವ ಕಾಗದ ಅವಳಿಗೆ ಕಾಣಿಸಿತು. ಸಾರಿ ಎಂದು ಟೈಪ್ ಮಾಡಿದಳು. ಅದು ಇನ್ನೊಂದು ಚಪ್ಪಾಳೆಯ ಹಾಗೆಯೇ ಕಂಡಿತು. ಅಳಿಸಿದಳು.

‘ಕರುವಿನ ಹೆಸರು ಏನಿತ್ತು?’ ಎಂದು ಕೇಳಿದಳು.

ಮೆಸೇಜಿನ ಪಕ್ಕದ ಎರಡು ಟಿಕ್ಕು ನೀಲಿಯಾದವು. ಅವನು ನೋಡಿದ. ಏನೂ ಬರಲಿಲ್ಲ. ಅವನ ಹೆಸರಿನ ಕೆಳಗೆ ‘ಟೈಪಿಂಗ್’ ಎಂದು ಮೂಡಿತು. ಅಳಿಸಿಹೋಯಿತು. ಮತ್ತೆ ಬಹಳ ಹೊತ್ತು ಏನೂ ಇಲ್ಲ.

“ಶೀತಲಾ, ಫೋನ್ ತಾ. ಮೆಣಸಿನಕಾಯಿ ಫೋಟೊ ಇನ್ನೂ ಹೋಗೇ ಇಲ್ಲ,” ಎಂದು ಪಪ್ಪ ಕೈ ಒರೆಸಿಕೊಳ್ಳುತ್ತ ಬಂದ.

ಹುಲಗೇಶನ ಹೆಸರಿನ ಕೆಳಗೆ ಮತ್ತೆ ‘ಟೈಪಿಂಗ್’ ಮೂಡಿತು. ಈ ಸಲ ಅದು ನಿಲ್ಲಲಿಲ್ಲ. ಒಂದು ಹೆಸರಿಗೆ ಅಷ್ಟು ಹೊತ್ತು ಬೇಕಾಗುವುದಿಲ್ಲ.

“ಸ್ವಲ್ಪ ತಡಿ, ಪಪ್ಪಾ,” ಎಂದಳು ಶೀತಲ. “ಅವ ಬರ್ಯಾಕತ್ತಾನ.”