ಗಿಡ ತುಳಿಯದ ಜೀಪು

ಸೋಮವಾರ ಬೆಳಿಗ್ಗೆ ತಾಯಲೂರಿನಾಚೆಯ ಮೀಸಲು ಅರಣ್ಯದಲ್ಲಿ ಜೀಪಿನ ಚಕ್ರದ ಗುರುತು ಕಂಡಿತು. ಅದೂ ಒಳಗಿನ ನೆಡುತೋಪಿನಲ್ಲಿ.

ರಜೆಯ ದಿನ ಬರುವ ಜೀಪುಗಳಿಗೆ ಇಲಾಖೆ ಬಿಟ್ಟಿದ್ದು ಹೊರಸುತ್ತಿನ ಒಂದೇ ದಾರಿ. ಜೂನ್‌ನಲ್ಲಿ ಯಾರೋ ದಾರಿ ಬಿಟ್ಟು ನುಗ್ಗಿ ನಲವತ್ತು ಗಿಡ ಮುರಿದಿದ್ದರು. ಆಮೇಲೆ ನೆಡುತೋಪಿಗೆ ಗೇಟು ಬಂತು, ಬೀಗ ಬಂತು.

ಉಪ ವಲಯ ಅರಣ್ಯಾಧಿಕಾರಿ ಶೋಭಾರಾಣಿ ಬೀಗ ಎಳೆದು ನೋಡಿದಳು. ಭದ್ರವಾಗಿತ್ತು.

"ಕದಿರೇಶನದೇ ಮೇಡಂ," ಅಂದ ಗಾರ್ಡ್ ವೆಂಕಟ್. "ಹಿಂದಿನ ಬಲಗಡೆ ಟೈರ್ ಬೇರೆ ಥರ ಇದೆ ನೋಡಿ. ಅವನ ಜೀಪಿಗೆ ಮಾತ್ರ ಹಂಗಿರೋದು."

ಕದಿರೇಶ್ ಬೆಂಗಳೂರಿನವರನ್ನು ಕಾಡು ಸುತ್ತಿಸಿ ಬದುಕುವವನು. ದಾರಿ ಬಿಟ್ಟು ಓಡಿಸಿ ಎರಡು ಸಲ ಸಿಕ್ಕಿಬಿದ್ದಿದ್ದ.

* * *

"ನಿನ್ನೆ ಎಲ್ಲಿದ್ದೆ?" ಕದಿರೇಶನನ್ನು ಕರೆಸಿ ಕೇಳಿದಳು ಶೋಭಾರಾಣಿ.

"ಶ್ರೀನಿವಾಸಪುರದಲ್ಲಿ. ಅಕ್ಕನ ಮಗಳ ಮದುವೆ. ಬಸ್ಸಲ್ಲಿ ಹೋಗಿದ್ದೆ."

"ಜೀಪಿನ ಕೀ ಯಾರಿಗೆ ಕೊಟ್ಟಿದ್ದೆ?"

"ಜೀಪು ನಂದು ಮೇಡಂ. ತಪ್ಪೂ ನಂದೇ ಅಂತ ಬರ್ಕೊಳ್ಳಿ."

"ಮೂರನೇ ಸಲ ಕಣಯ್ಯ ಇದು. ಜಪ್ತಿ ಆದ್ರೆ ಜೀಪು ವಾಪಸ್ ಬರಲ್ಲ."

"ಹೋಗ್ಲಿ ಬಿಡಿ ಮೇಡಂ."

ಅನ್ನ ಕೊಡುವ ಜೀಪನ್ನು ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಇವನು ಯಾರನ್ನೋ ಕಾಪಾಡುತ್ತಿದ್ದಾನೆ ಅನ್ನಿಸಿತು ಶೋಭಾರಾಣಿಗೆ.

* * *

ಅವಳು ಒಬ್ಬಳೇ ಗುರುತು ಹಿಡಿದು ನಡೆದಳು. ಮೂರು ವರ್ಷದ ಹೊಂಗೆ, ಕಮರದ ಗಿಡಗಳು ಆಳೆತ್ತರ ನಿಂತಿದ್ದವು. ಅವುಗಳ ನಡುವೆ ಜೀಪು ನೇರ ಹೋಗಿರಲಿಲ್ಲ. ಅಲ್ಲಲ್ಲಿ ಬಳಸಿಕೊಂಡು ಹೋಗಿತ್ತು. ಯಾಕೆ?

ಮೊದಲ ತಿರುವಿನಲ್ಲಿ ಸೊಂಟದೆತ್ತರದ ಹುಲ್ಲು ಸರಿಸಿದಳು. ಒಳಗೊಂದು ಗೇಣುದ್ದದ ನೆಲ್ಲಿ ಸಸಿ. ಎರಡನೇ ತಿರುವಿನಲ್ಲಿ ಹೊಂಗೆ. ಮೂರನೆಯದರಲ್ಲೂ ಸಸಿ. ಒಂದು ಎಲೆಯೂ ಮುರಿದಿರಲಿಲ್ಲ.

ಗುರುತು ನಿಂತ ಕಡೆ ಹಸಿ ಮಣ್ಣಲ್ಲಿ ನಾಲ್ಕು ಕುಳಿ. ಕುರ್ಚಿಯ ಕಾಲುಗಳದು. ಜೀಪಿನಿಂದ ಅಲ್ಲಿವರೆಗೆ ಒಬ್ಬ ಗಂಡಸಿನ ಹೆಜ್ಜೆ ಮಾತ್ರ, ಭಾರ ಹೊತ್ತವನ ಹಾಗೆ ಆಳವಾಗಿ ಊರಿದ್ದು. ಕುರ್ಚಿಯಲ್ಲಿ ಕೂತವರ ಹೆಜ್ಜೆ ಒಂದೂ ಇರಲಿಲ್ಲ.

ಅವಳು ನೇರ ಊರ ಕಡೆ ನಡೆದಳು.

* * *

ಕಾಡಿನ ವಾಚರ್ ಸೊಣ್ಣಪ್ಪನ ಮನೆ ಊರಂಚಿನಲ್ಲಿತ್ತು. ಹೆಂಡತಿ ವೆಂಕಟರತ್ನಮ್ಮ ಮಂಚದ ಮೇಲಿದ್ದಳು. ಹೋದ ವರ್ಷ ಲಕ್ವ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಗಿತ್ತು.

"ಗೇಟಿನ ಕೀ ಕೊಡಿ ಸೊಣ್ಣಪ್ಪ."

ಅವನು ಕೊಟ್ಟ.

"ಬೀಗ ಒಡೆದಿಲ್ಲ. ಕೀ ಇರೋದು ನನ್ನ ಹತ್ರ, ನಿಮ್ಮ ಹತ್ರ. ಹುಲ್ಲಲ್ಲಿ ಮುಚ್ಚಿಹೋದ ಸಸಿಗಳು ನನಗೇ ಕಾಣಲ್ಲ. ಜೀಪು ಓಡಿಸಿದವರಿಗೆ ಒಂದೊಂದರ ಜಾಗನೂ ಗೊತ್ತಿತ್ತು. ಮುರಿದುಹೋದ ನಲವತ್ತರ ಜಾಗದಲ್ಲಿ ಹೊಸದು ನೆಟ್ಟಿದ್ದು ನೀವೊಬ್ಬರೇ. ನಡೆಯೋಕಾಗದವರನ್ನ ಎತ್ಕೊಂಡು ಹೋಗಿ ಕೂರಿಸಿದ್ದೀರಿ. ಅಲ್ಲಿರೋ ಆಳೆತ್ತರದ ಗಿಡಗಳಿಗೆ ಎರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತವರು ಈ ಅಮ್ಮನೇ ಅಂತ ನನಗೂ ಗೊತ್ತು."

ಸೊಣ್ಣಪ್ಪ ತಲೆ ತಗ್ಗಿಸಿದ. "ಕದಿರೇಶನ್ನ ಬಿಟ್ಬಿಡಿ ಮೇಡಂ. ಆಸ್ಪತ್ರೆಗೆ ಅಂತ ಹೇಳಿ ಜೀಪು ಈಸ್ಕೊಂಡಿದ್ದೆ. ಇವಳು ದಿನಾ ಕೇಳೋಳು, ಗಿಡ ಹೆಂಗವೆ, ಗಿಡ ಹೆಂಗವೆ ಅಂತ."

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ."

"ಕೇಳಿದ್ರೆ ನೀವು ಆಗಲ್ಲ ಅನ್ನಬೇಕಾಗ್ತಿತ್ತು. ನಿಮ್ಮ ಬಾಯಲ್ಲಿ ಆ ಮಾತು ಆಡಿಸೋಕೆ ನನಗೆ ಮನಸ್ಸು ಬರಲಿಲ್ಲ."

ಶೋಭಾರಾಣಿ ಅಲ್ಲೇ ಕೂತು ವರದಿ ಬರೆದಳು. ಏನನ್ನೂ ಮುಚ್ಚಿಡಲಿಲ್ಲ. ಕದಿರೇಶನ ತಪ್ಪಿಲ್ಲ ಎಂದು ಬರೆದಳು. ಸೊಣ್ಣಪ್ಪನಿಗೆ ಎಚ್ಚರಿಕೆ ಪತ್ರ, ಹದಿನೈದು ದಿನ ಕೆಲಸವಿಲ್ಲ. ಕೊನೆಗೆ ಒಂದು ಕೋರಿಕೆ ಸೇರಿಸಿದಳು: ಗಿಡ ನೆಟ್ಟು ಬೆಳೆಸಿ ಈಗ ನಡೆಯಲಾಗದವರನ್ನು ತಿಂಗಳಿಗೊಮ್ಮೆ ಇಲಾಖೆಯ ಜೀಪಿನಲ್ಲೇ ಒಳಗೆ ಕರೆದೊಯ್ಯಬೇಕು.

ಬರೆದು ಮುಗಿಸಿ ಮಂಚದ ಪಕ್ಕ ಕುಕ್ಕುರುಗಾಲಲ್ಲಿ ಕೂತಳು.

"ಅಮ್ಮ, ಹೆಂಗಿದ್ವು ಗಿಡ?"

ವೆಂಕಟರತ್ನಮ್ಮನ ನಾಲಿಗೆ ತೊಡರಿತು. ಸೊಣ್ಣಪ್ಪ ಅವಳ ಪರವಾಗಿ ಉತ್ತರ ಹೇಳಲಿಲ್ಲ. ಸುಮ್ಮನೆ ಕಾದ.

"ಬಾಗುನ್ನಾಯಿ," ಅಂದಳು ಅವಳು ತೆಲುಗಿನಲ್ಲಿ, ಚೆನ್ನಾಗವೆ ಅಂತ. ಆಮೇಲೆ ಬಲಗೈಯನ್ನು ನಿಧಾನವಾಗಿ ತಲೆಗಿಂತ ಮೇಲಕ್ಕೆ ಎತ್ತಿ ತೋರಿಸಿದಳು.

"ನನಗಿಂತ ಎತ್ತರ."