ದೌಲತರಾಯ ತಿರುಗಿಸಿದ ಪೈಪು

"ಆ ನೀರು ನಿಮ್ಮ ಮಾರಿಗೆ ಹೊಡದ್ರ ನೀವು ಕಣ್ಣು ತೆರೀತೀರೇನ್ರಿ?"

ಜೇವರ್ಗಿ ಬಸ್‌ಸ್ಟ್ಯಾಂಡಿನ ಎದುರು ಕೂಲರ್ ರಿಪೇರಿ ಅಂಗಡಿ ಇಟ್ಟಿದ್ದ ದೌಲತರಾಯ ತಲೆ ಎತ್ತಿದ. ಬಾಗಿಲಲ್ಲಿ ಹೈಸ್ಕೂಲಿನ ವಿಜ್ಞಾನ ಕಲಿಸುವ ಬಾಯಾರು, ನೆಲೋಗಿಯ ಗುರುಶಾಂತಮ್ಮ, ಗಾಜಿನ ತೊಟ್ಟಿಗೆ ಬೆರಳು ತೋರಿಸುತ್ತ ನಿಂತಿದ್ದಳು. ಊರಿಗೆ ಹೋಗುವ ಸಂಜೆಯ ಬಸ್ಸು ಬರುವವರೆಗೆ ನೆರಳಿಗೆಂದು ಬಂದವಳು ಬೈಗುಳದಿಂದಲೇ ಪರಿಚಯ ಶುರು ಮಾಡಿದ್ದಳು.

ತೊಟ್ಟಿಯಲ್ಲಿದ್ದದ್ದು ಸಮುದ್ರದ ನೀರು. ಲಾರಿಯ ಜಹೀರುದ್ದೀನ ಮುಂಬೈಯಿಂದ ಕ್ಯಾನುಗಳಲ್ಲಿ ತಂದುಕೊಟ್ಟಿದ್ದ. ಜೊತೆಗೆ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಅಂಗೈಯಗಲದ ಒಂದು ಜೀವಂತ ಹವಳ. ಆ ಹವಳ ವಾರದಿಂದ ಮುಷ್ಟಿ ಬಿಗಿದುಕೊಂಡು ಕೂತಿತ್ತು. ದೌಲತರಾಯ ಕೂಲರಿನ ಪಂಪು ಹಚ್ಚಿ, ಪೈಪನ್ನು ನೇರ ಅದರ ಮೈಗೇ ಹಿಡಿದಿದ್ದ.

"ಹನ್ನೊಂದು ವರ್ಷದಿಂದ ಕೂಲರ್ ಮಾಡಾಕತ್ತೇನ್ರಿ. ನೀರು ಜೋರ್ ಬಂದಷ್ಟು ಚಲೋ."

"ಕೂಲರಿನ್ಯಾಗ ಹುಲ್ಲು ಇರ್ತದ. ಇದರಾಗ ಜೀವ ಅದ."

ಕೇಳದೆಯೇ ಕೈ ಹಾಕಿ ಪೈಪು ತಿರುಗಿಸಿದಳು. ನೀರು ಗಾಜಿಗೆ ಬಡಿದು, ಹರಡಿ, ಮೆಲ್ಲಗೆ ತಿರುಗಿ ಬಂತು.

"ಮೂಲ್ಯಾಗ ಕಸ ನಿಲ್ಲಬಾರದು, ಹವಳಕ್ಕ ನೇರ ಬಡೀಬಾರದು. ಅಷ್ಟರಿ."

ಆಕೆಯ ಹಸಿರು ಬಳೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನೇ ನೋಡುತ್ತ ದೌಲತರಾಯ ಒರೆಸುವ ಬಟ್ಟೆ ಚಾಚಿದ.

ಮರುದಿನ ಹವಳ ಬೆರಳೆಲ್ಲ ಬಿಚ್ಚಿ ಓಲಾಡುತ್ತಿತ್ತು. ಅದನ್ನು ಕಂಡು ಆಕೆ ನಕ್ಕಳು. ಎಡಗೆನ್ನೆಯಲ್ಲಿ ಸಣ್ಣ ಗುಳಿ ಬಿತ್ತು. ದೌಲತರಾಯ ಕೆಟ್ಟದ್ದು ಅಲ್ಲೇ. ಎಲ್ಲ ಸರಿಹೋದರೆ ಈಕೆ ಇನ್ನು ಯಾಕೆ ಬರುತ್ತಾಳೆ?

ಮೂರನೆಯ ದಿನ ಆಕೆ ಬರುವ ಮೊದಲೇ ಪೈಪನ್ನು ಮತ್ತೆ ಹವಳದ ಕಡೆ ತಿರುಗಿಸಿಟ್ಟ. ಆಕೆ ಬಂದಳು, ಬೈದಳು, ಸರಿಮಾಡಿದಳು. ಐದು ದಿನ ಹೀಗೇ ನಡೆಯಿತು. ಬೈಸಿಕೊಳ್ಳಲೆಂದೇ ಆತ ದಿನಾ ಅಂಗಿ ಇಸ್ತ್ರಿ ಮಾಡಿಸತೊಡಗಿದ.

ಎಂಟನೆಯ ದಿನ ಆಕೆ ಪೈಪು ಮುಟ್ಟಲಿಲ್ಲ.

"ನಿನ್ನೆ ಎಡಗಡೆ ಗಾಜಿಗೆ ಹಚ್ಚಿ ಹೋಗಿದ್ದೆ. ಮೀನು ಎದ್ದು ತಿರುಗಿಸ್ಯಾವೇನ್ರಿ?"

"ಪಂಪು ಅಲಗಾಡ್ತದ್ರಿ..."

"ಸುಳ್ಳು ಹೇಳಾಕೂ ಬರಂಗಿಲ್ಲ ನಿಮಗ. ಹವಳದ ತುದಿ ಬೆಳ್ಳಗಾಗ್ಯಾವ, ನೋಡ್ರಿ. ನಿಮ್ಮ ಆಟಕ್ಕ ಅದು ಸಾಯ್ತದ."

ಹೋದವಳು ನಾಲ್ಕು ದಿನ ಬಿಸಿಲಲ್ಲೇ ಬಸ್ಸಿಗೆ ಕಾದಳು. ಅಂಗಡಿಯ ಕಡೆ ತಿರುಗಿಯೂ ನೋಡಲಿಲ್ಲ. ದೌಲತರಾಯ ಪೈಪನ್ನು ಗಾಜಿಗೆ ಹಿಡಿದು ತಂತಿಯಿಂದ ಬಿಗಿದ. ಸುಮ್ಮನಿದ್ದ ಗಿರಾಕಿಗಳ ಮೇಲೆ ಹರಿಹಾಯ್ದ.

ಐದನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಪಂಪು ನಿಂತಿತು. ಮೀನಿಗೆ ಗಾಳಿ ಸಿಗಲೆಂದು ತೊಟ್ಟಿಯ ನೀರನ್ನೇ ಚೊಂಬಿನಿಂದ ಎತ್ತಿ ಎತ್ತಿ ಸುರಿದು ಸಂಜೆಗೆ ಆತನ ರಟ್ಟೆ ಬಿದ್ದುಹೋದವು. ಅಷ್ಟರಲ್ಲಿ ಬಸ್ಸು ಬಂತು, ಆಕೆ ಹತ್ತಿದಳು. ಇವತ್ತೂ ಹೋದರೆ ಈಕೆ ಮತ್ತೆ ಬರುವುದಿಲ್ಲ ಎನಿಸಿತು. ಚೊಂಬು ಹಿಡಿದುಕೊಂಡೇ ಓಡಿದ.

"ಬಾಯಾರ, ಕರೆಂಟಿಲ್ಲ! ಮೀನು ಮ್ಯಾಲ ಬಂದು ಬಾಯಿ ಬಿಡಾಕತ್ತಾವ!"

ಆಕೆ ಕಿಟಕಿಯಿಂದ ನೋಡಿದಳು. "ಇದೂ ಆಟೇನ್ರಿ?"

"ಆಟ ಆಡಿದ್ದು ಆವಾಗ್ರಿ! ನೀವು ದಿನಾ ಬರ್ಲಿ ಅಂತ ಪೈಪು ನಾನೇ ತಿರುಗಿಸೀನಿ. ತಪ್ಪಾತು! ಬೈರಿ, ಹೊಡೀರಿ, ಆದ್ರ ಹಿಂಗ ಬಿಸಿಲಾಗ ನಿಂತು ನನ್ನ ಜೀವ ತಿನ್ನಬ್ಯಾಡ್ರಿ!"

ಇಡೀ ಬಸ್ಸು ಕಿವಿಯಾಯಿತು. ಕಂಡಕ್ಟರ್ ಕೇಳಿದ: "ಬಾಯಾರ, ಇಳೀತೀರೋ, ರೈಟ್ ಅನ್ಲೋ? ಮಂದಿಗೆ ಮನಿ ಅದಾವ."

ಹಿಂದಿನ ಸೀಟಿನಿಂದ ಮುದುಕಿ ಹೀರಾಬಾಯಿ ಅಂದಳು: "ಇಳಿಬೇ ತಂಗಿ. ಮೀನಿನ ಪಾಪ ಯಾಕ."

ಇಳಿದಳು.

ಒಂದು ತಾಸು ಒಬ್ಬರು ಎತ್ತಿದರು, ಒಬ್ಬರು ಸುರಿದರು. ಮೊಣಕೈಗೆ ಮೊಣಕೈ ತಾಗಿದಾಗಲೆಲ್ಲ ದೌಲತರಾಯ ಅರ್ಧ ಚೊಂಬು ತನ್ನ ಮೈಮೇಲೇ ಚೆಲ್ಲಿಕೊಂಡ.

"ಮನಸ್ನ್ಯಾಗ ಇದ್ದದ್ದು ನೆಟ್ಟಗ ಹೇಳಬೇಕಿಲ್ರಿ?"

"ಧೈರ್ಯ ಬೇಕಲ್ರಿ."

"ಮತ್ತ ಬಸ್ಸಿಗೆ ಬಸ್ಸೇ ಕೇಳಂಗ ಒದರಿದ್ರಲ್ಲ?"

"ಅದು ಸಿಟ್ಟಿನ್ಯಾಗ ಬಂತ್ರಿ."

ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕರೆಂಟು ಬಂತು. ಪಂಪು ಗುಂಯ್‌ಗುಟ್ಟಿತು, ಮೀನು ಕೆಳಗಿಳಿದವು.

"ಏಳರ ಬಸ್ಸಿಗೆ ನೀವೂ ಬರ್ರಿ," ಎಂದಳು ಗುರುಶಾಂತಮ್ಮ, ಕೈ ಒರೆಸಿಕೊಳ್ಳುತ್ತ. "ಅಪ್ಪಾರು ಮನ್ಯಾಗ ಅದಾರ. ಆ ಸಿಟ್ಟು ಆರೂದ್ರೊಳಗ ಹೆಣ್ಣು ಕೇಳಿಬಿಡ್ರಿ."

ಏಳರ ಬಸ್ಸಿನಲ್ಲಿ ಆಕೆ ಕಿಟಕಿಯ ಪಕ್ಕ ಕೂತಳು. ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು ಪಕ್ಕದ ಜಾಗ ತೆರವು ಮಾಡಿದಳು. ಅರ್ಧ ನೆಲೋಗಿ ನೋಡುತ್ತಿತ್ತು. ದೌಲತರಾಯ ತೊಯ್ದ ಅಂಗಿಯಲ್ಲೇ ಹೋಗಿ ಅಲ್ಲಿ ಕೂತ.